ಪುಂಡಿಪಲ್ಯ ಕಳೆದುಹೋದ ಕಥೆ

ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಖಾಲಿ ಜಾಗದಲ್ಲಿ ಸಾಮೂಹಿಕ ಕೈತೋಟ ಶುರುವಾಯ್ತು. ಮನೆಗೊಂದು ಮಡಿ. "ಇವರು ಮಾನ್ವಿ ಕಡೆ ಕುರ್ಡಿಯವರು, ರೈತರ ಮಗ, ಇವರನ್ನೇ ಕೇಳೋಣ" ಅಂತ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಹಾಕಿದರು. ನಾನೂ ಬೀಗಿದೆ. ಪಾಲಕ್ ಬೀಜವನ್ನ ಬೆರಳುದ್ದ ಆಳಕ್ಕೆ ಹೂತು, ದಿನಕ್ಕೆರಡು ಸಲ ನೀರು ಸುರಿದೆ. ಎರಡು ವಾರವಾದರೂ ಒಂದು ಎಲೆಯಿಲ್ಲ. ಕೆದರಿದರೆ ಬೀಜ ಕೊಳೆತಿತ್ತು. ಜೀವಮಾನವೆಲ್ಲ ಬ್ಯಾಂಕಿನಲ್ಲಿ ಕಳೆದ ಪಕ್ಕದ ಮಡಿಯ ಆಂಟಿ, "ಅರ್ಧ ಇಂಚು ಆಳ ಸಾಕು ಕಣಪ್ಪಾ" ಅಂದರು.

ರೈತರ ಮಗನಿಗೆ ತರಕಾರಿ ಬೆಳೆಯೋಕೆ ಯಾಕೆ ಬರಲ್ಲ? ಇದಕ್ಕೆ ನನ್ನ ಸೋಮಾರಿತನವಷ್ಟೇ ಅಲ್ಲ, ಒಂದು ಕಾಲುವೆಯೂ ಕಾರಣ.

ತುಂಗಭದ್ರಾ ಯೋಜನೆಗೆ 1945ರಲ್ಲಿ ಅಡಿಗಲ್ಲು ಬಿತ್ತು. ಮದ್ರಾಸ್ ಪ್ರಾಂತ್ಯ ಮತ್ತು ನಿಜಾಮರ ಹೈದರಾಬಾದ್ ಸೇರಿ ಹಿಡಿದ ಕೆಲಸ. ನಮ್ಮ ರಾಯಚೂರು ಆಗ ನಿಜಾಮರದ್ದು. 1953ಕ್ಕೆ ಅಣೆಕಟ್ಟೆ ಮುಗಿದು, ಎಡದಂಡೆ ಕಾಲುವೆ ಸಿಂಧನೂರು, ಮಾನ್ವಿ ಕಡೆ ಹರಿಯಿತು. ಬರಪೀಡಿತ ಸೀಮೆಗೆ ಸ್ವಲ್ಪಸ್ವಲ್ಪ ನೀರನ್ನ ಬಹಳ ಹೊಲಗಳಿಗೆ ಹಂಚಬೇಕು, ಜೋಳ, ಹತ್ತಿಯಂಥ ಬೆಳೆ ಉಳಿಸಬೇಕು ಅನ್ನೋದು ಮೂಲ ಲೆಕ್ಕ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಅನ್ನೋದನ್ನೂ ಕಾಗದದ ಮೇಲೆ ಗೊತ್ತುಮಾಡಿದ್ದರು. ಭತ್ತಕ್ಕೆ ಅಂತ ಬಿಟ್ಟಿದ್ದು ಕಡಿಮೆ ಜಾಗ.

ಆದರೆ ಕಾಗದ ಒಂದು, ಹೊಲ ಇನ್ನೊಂದು (ನಮ್ಮ ಪ್ರಾಜೆಕ್ಟ್ ಪ್ಲಾನುಗಳ ಹಾಗೆ). ಕರಾವಳಿ ಆಂಧ್ರದಿಂದ ಭತ್ತ ಬಲ್ಲ ರೈತರು ಬಂದು, ಜಮೀನು ಕೊಂಡು, 'ಕ್ಯಾಂಪು'ಗಳಲ್ಲಿ ನೆಲೆನಿಂತರು. ಗದ್ದೆ ಕಟ್ಟಿದರು, ದುಡ್ಡು ಕಂಡರು. ಅವರನ್ನ ದೂರೋದು ಸುಲಭ. ನೀರು ಸಿಕ್ಕ ನಮ್ಮೋರೂ ಭತ್ತವನ್ನೇ ಹಚ್ಚಿದರು, ನಮ್ಮಪ್ಪನೂ. ಮೇಲಿನವರು ನೀರು ಹೀರಿಕೊಂಡಂತೆ ಮಾನ್ವಿ, ರಾಯಚೂರಿನ ಕೊನೆಭಾಗದ ರೈತರು ಕಾಲುವೆ ನೀರಿಗಾಗಿ ರಸ್ತೆಗಿಳಿಯೋದು ರೂಢಿಯಾಯ್ತು. ನೀವು ಬೆಂಗಳೂರಲ್ಲಿ ಉಣ್ಣೋ ಸೋನಾ ಮಸೂರಿಯಲ್ಲಿ ಈ ಜಗಳವೂ ಬೆಂದಿರುತ್ತೆ.

ಅಜ್ಜನ ಜೋಳದ ಹೊಲದಲ್ಲಿ ಸಾಲುಗಳ ನಡುವೆ ಅಕ್ಕಡಿ ಇರುತ್ತಿತ್ತಂತೆ: ತೊಗರಿ, ಅಲಸಂದಿ, ಪುಂಡಿ. ಬದುವಿಗೆ ಹೀರೆ ಬಳ್ಳಿ. ಅವ್ವ ಹೊಲಕ್ಕೆ ಹೋಗಿ ಬರುವಾಗ ಉಡಿಯಲ್ಲೇ ಸಂಜೆಯ ಪಲ್ಯ ಬರುತ್ತಿತ್ತು. ನೀರು ನಿಂತ ಗದ್ದೆಯಲ್ಲಿ ಇವೆಲ್ಲ ಬದುಕೋದಿಲ್ಲ. ನಾನು ಹುಟ್ಟೋ ಹೊತ್ತಿಗೆ ನಮ್ಮನೆ ತರಕಾರಿ ಸಂತೆಯಿಂದ ಬರೋದು. ನಾನು ಕಲಿತಿದ್ದು ಚೀಲ ಹಿಡಿಯೋದು.

ಪಾಲಕ್ ಸತ್ತ ಸುದ್ದಿ ಕೇಳಿ ಅವ್ವ ಬಿದ್ದುಬಿದ್ದು ನಕ್ಕಳು. ತನ್ನ ತವರಿನ ಒಣಬೇಸಾಯದ ಹೊಲದಿಂದ ತಂದಿಟ್ಟಿದ್ದ ಪುಂಡಿ ಬೀಜವನ್ನ ಔಷಧಿ ಡಬ್ಬಿಯಲ್ಲಿ ತುಂಬಿ, ಊರಿಂದ ಬರೋರ ಕೈಲಿ ಕೊಟ್ಟು ಕಳಿಸಿದಳು. ಈ ಸಲ ಅರ್ಧ ಇಂಚೇ ಹೂತೆ. ಐದನೇ ದಿನ ಮಡಿ ತುಂಬ ಮೊಳಕೆ. ವಿಡಿಯೋ ಕಾಲ್ ಮಾಡಿ ತೋರಿಸಿದೆ.

"ಭಾಳ ಒತ್ತಾಗಿ ಹಾಕೀಯಲ್ಲೋ. ಗೇಣುದ್ದ ಆದಮ್ಯಾಲ ಅರ್ಧ ಕಿತ್ತು ಪಲ್ಯ ಮಾಡ್ಕೊ," ಅಂದಳು. ಆಮೇಲೆ, "ನಾಕು ಗಿಡ ಬೀಜಕ್ಕ ಬಿಡು, ತಮ್ಮಾ. ಇಲ್ಲಿ ಮುಗದಾವ."