‘ರನ್’ ಓಡಿದ ದೂರ

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳಿರುವ ಕ್ರಿಯಾಪದ ಯಾವುದು? ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ ಆ ಪಟ್ಟ ‘ಸೆಟ್’ ಪದಕ್ಕಿತ್ತು. ಅದಕ್ಕೆ 430 ಅರ್ಥಗಳು. ಮೂರನೇ ಆವೃತ್ತಿಯ ಪರಿಷ್ಕರಣೆಯಲ್ಲಿ, 2011ರ ಹೊತ್ತಿಗೆ, ‘ರನ್’ 645 ಅರ್ಥಗಳೊಂದಿಗೆ ಮುಂದೆ ಬಂತು. ನಿಘಂಟುಕಾರ ಪೀಟರ್ ಗಿಲಿವರ್ ಈ ಒಂದು ಪದಕ್ಕೆಂದೇ ಸುಮಾರು ಒಂಬತ್ತು ತಿಂಗಳು ಕೂತರು.

ಹಳೆಯ ಇಂಗ್ಲಿಷಿನಲ್ಲಿ ಇದಕ್ಕೆ ಇಷ್ಟೆಲ್ಲ ಕೆಲಸ ಇರಲಿಲ್ಲ. ಮನುಷ್ಯ ಓಡುವುದಕ್ಕೂ ನೀರು ಹರಿಯುವುದಕ್ಕೂ ಇದನ್ನು ಬಳಸುತ್ತಿದ್ದರು. ಮೂಗು ಸೋರಿದರೂ ಇಂಗ್ಲಿಷಿನವರಿಗೆ ಅದು ‘ರನ್’ ಆಗುವುದು ಆ ಹರಿಯುವ ಅರ್ಥದಿಂದಲೇ. ಕೈಗಾರಿಕಾ ಕ್ರಾಂತಿ ಬಂದಾಗ ಉಗಿಯಂತ್ರ, ಗಿರಣಿ, ರೈಲುಗಳಿಗೆಂದು ಇಂಗ್ಲಿಷ್ ಹೊಸ ಕ್ರಿಯಾಪದ ಹುಡುಕಲಿಲ್ಲ. ಮನೆಯಲ್ಲಿದ್ದ ‘ರನ್’ ಪದಕ್ಕೇ ಕೆಲಸ ಹಚ್ಚಿತು. ಅಂಗಡಿ ನಡೆಸುವುದೂ ‘ರನ್’ ಆಯಿತು. ಚುನಾವಣೆಗೆ ಬ್ರಿಟನ್ನಿನವರು ನಮ್ಮ ಹಾಗೆ ‘ನಿಲ್ಲುತ್ತಾರೆ’, ಅಮೆರಿಕದವರು ಮಾತ್ರ ‘ಓಡುತ್ತಾರೆ’. ಇಪ್ಪತ್ತನೇ ಶತಮಾನದಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಈ ಸಾಲಿಗೆ ಸೇರಿತು.

ನಮ್ಮ ‘ಓಡು’ ಕೂಡ ಒಂದು ಕಾಲದಲ್ಲಿ ಹೀಗೇ ಬೆಳೆದ ಪದ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಹೊರಟಿತು. ಅಂಥ ವಾಹನ ಕನ್ನಡಕ್ಕೆ ಹೊಸದು, ಆದರೆ ಕ್ರಿಯಾಪದ ಹೊಸದಾಗಬೇಕಿರಲಿಲ್ಲ. ರೈಲು ಓಡಿತು, ಬಸ್ಸು ಓಡಿತು, ಕಡೆಗೆ ಸಿನಿಮಾ ಕೂಡ ನೂರು ದಿನ ಓಡಿತು. ಅಂಗಡಿ, ಶಾಲೆ, ಸಂಸಾರಗಳನ್ನು ಮಾತ್ರ ನಾವು ಓಡಿಸದೆ ‘ನಡೆಸು’ತ್ತಲೇ ಉಳಿದೆವು. ‘ರೈಲು’, ‘ಬಸ್ಸು’, ‘ಸಿನಿಮಾ’ ಎಂಬ ಹೆಸರುಗಳು ಹೊರಗಿನಿಂದ ಬಂದವು, ಅವುಗಳ ಚಲನೆ ಮಾತ್ರ ಕನ್ನಡದ್ದಾಗಿತ್ತು.

ಕಂಪ್ಯೂಟರಿನ ವಿಷಯದಲ್ಲಿ ಈ ಅಭ್ಯಾಸ ಸಡಿಲವಾಗಿದೆ ಎಂದು ನನಗನ್ನಿಸುತ್ತದೆ. ನಾವು ‘ಪ್ರೋಗ್ರಾಂ ರನ್ ಮಾಡು’ ಎನ್ನುತ್ತೇವೆ. ಪುಣೆ, ದೆಹಲಿಯ ಕಚೇರಿಗಳಲ್ಲಿ ಪಕ್ಕದ ಮೇಜಿನವರು ಹಿಂದಿಯಲ್ಲಿ ಸಲೀಸಾಗಿ ‘ಕೋಡ್ ಚಲಾ ಕೆ ದೇಖೋ’ ಅನ್ನುವುದನ್ನು ನಾವೆಲ್ಲ ಕೇಳಿದ್ದೇವೆ. ‘ಕೋಡ್’ ಇಂಗ್ಲಿಷಿನದೇ ಇರಲಿ, ಗಾಡಿ ಓಡಿಸುವ, ದುಕಾನು ನಡೆಸುವ ಹಳೆಯ ‘ಚಲಾನಾ’ ಪದಕ್ಕೆ ಅಲ್ಲಿ ಹೊಸ ಅರ್ಥವೊಂದು ಸೇರಿತು. ಕನ್ನಡದಲ್ಲಿ ಆ ಅರ್ಥ ‘ಓಡಿಸು’ ಪದಕ್ಕೆ ಸೇರುವ ಬದಲು ‘ಮಾಡು’ ಪದದ ಹೆಗಲೇರಿತು. ಕಾಲ್ ಮಾಡು, ಸೇವ್ ಮಾಡು, ರನ್ ಮಾಡು: ಎಲ್ಲ ಹೊರೆಯೂ ಅದೊಂದಕ್ಕೇ.

ಇಂಗ್ಲಿಷ್ ಪದ ಬೇಡ ಎಂಬ ಹಟ ನನ್ನದಲ್ಲ. ಇಂಗ್ಲಿಷ್ ಕೂಡ ಸಾಲ ತಂದೇ ಬೆಳೆದ ಭಾಷೆ. ಆದರೆ ‘ರನ್’ 645 ಅರ್ಥಗಳವರೆಗೆ ಬೆಳೆದದ್ದು, ಪ್ರತಿ ಕಾಲದಲ್ಲೂ ಮಾತಾಡುವವರು ಅದಕ್ಕೊಂದು ಹೊಸ ಕೆಲಸ ಕೊಟ್ಟಿದ್ದರಿಂದ. ಕೆಲಸ ಕೊಡದ ಕ್ರಿಯಾಪದ ಸಾಯುವುದಿಲ್ಲ, ಇದ್ದಲ್ಲೇ ನಿಲ್ಲುತ್ತದೆ. ‘ಕೋಡ್ ಓಡಿಸಿ ನೋಡು’ ಎಂದರೆ ಅರ್ಥವಾಗದ ಕನ್ನಡಿಗರಿಲ್ಲ. ಅಂದು ನೋಡಿದರಾಯಿತು.