ಮದರಾಸಿನ ಸಭೆಗಳಲ್ಲಿ ಕೀರ್ತನೆ: ಯಾರ ಹಾಡು, ಯಾರ ಸ್ವಂತ

ಮದರಾಸಿನ, ಅಂದರೆ ಇಂದಿನ ಚೆನ್ನೈನ, ತಮಿಳು ಪ್ರಾಟೆಸ್ಟಂಟ್ ಸಭೆಗಳ ಆರಾಧನೆಯಲ್ಲಿ ಎರಡು ಬಗೆಯ ಹಾಡುಗಳು ಬಹುಕಾಲದಿಂದ ಜೊತೆಜೊತೆಯಾಗಿ ಸಾಗಿಬಂದಿವೆ. ಜರ್ಮನ್ ಮತ್ತು ಇಂಗ್ಲಿಷ್ ಸ್ತುತಿಗೀತೆಗಳನ್ನು ಅವುಗಳ ಮೂಲ ಧಾಟಿಯಲ್ಲೇ ಹಾಡುವಂತೆ ತಮಿಳಿಗೆ ತಂದ ಅನುವಾದಗಳು ಒಂದು ಬಗೆ. ಇವು ಲುಥರನ್ನರ ಬಾಯಲ್ಲಿ ‘ಜ್ಞಾನಪ್ಪಾಟ್ಟು’, ಆಂಗ್ಲಿಕನ್ ಪರಂಪರೆಯವರ ಬಾಯಲ್ಲಿ ‘ಪಾಮಾಲೈ’. ರಾಗ ತಾಳಗಳನ್ನು ನಮೂದಿಸಿ, ಪಲ್ಲವಿ, ಅನುಪಲ್ಲವಿ, ಚರಣಗಳಾಗಿ ವಿಂಗಡಿಸಿ ತಮಿಳು ಕವಿಗಳೇ ಕಟ್ಟಿದ ‘ಕೀರ್ತನೈ’ ಇನ್ನೊಂದು ಬಗೆ. ಮೊದಲನೆಯದು ಹೊರಗಿನಿಂದ ಬಂದದ್ದು, ಎರಡನೆಯದು ನೆಲದಲ್ಲಿ ಹುಟ್ಟಿದ್ದು, ಆದ್ದರಿಂದ ಎರಡನೆಯದೇ ತಮಿಳು ಕ್ರೈಸ್ತರ ನಿಜವಾದ ದನಿ ಎಂಬ ತೀರ್ಮಾನ ಸುಲಭವಾಗಿ ಹೊಳೆಯುತ್ತದೆ. ಆದರೆ ಈ ಹಾಡುಗಳ ಮುನ್ನೂರು ವರ್ಷಗಳ ಚರಿತ್ರೆ ಆ ತೀರ್ಮಾನಕ್ಕೆ ಒಗ್ಗುವುದಿಲ್ಲ. ‘ಇದು ನಮ್ಮ ಸಂಗೀತ’ ಎಂಬ ಮಾತು ಎದ್ದಾಗಲೆಲ್ಲ ಆ ‘ನಾವು’ ಯಾರು ಎಂಬ ಜಗಳವೂ ಅದರೊಡನೆ ಎದ್ದಿದೆ, ಮತ್ತು ಹಾಡಿನ ಗತಿಯನ್ನು ತೀರ್ಮಾನಿಸಿದ್ದು ಹೆಚ್ಚಾಗಿ ಆ ಜಗಳವೇ.

ಅನುವಾದದ ಹಾಡುಗಳ ಕಥೆ ತರಂಗಂಬಾಡಿಯಿಂದ ಆರಂಭವಾಗುತ್ತದೆ. ಡೆನ್ಮಾರ್ಕಿನ ವಶದಲ್ಲಿದ್ದ ಆ ಕಡಲತೀರದ ಊರಿಗೆ 1706ರಲ್ಲಿ ಬಂದಿಳಿದ ಜರ್ಮನ್ ಲುಥರನ್ ಮಿಷನರಿ ಬಾರ್ತೊಲೊಮೇಯಸ್ ತ್ಸೀಗನ್‌ಬಾಲ್ಗ್ ಮತ್ತು ಅವನ ಸಂಗಡಿಗರಿಗೆ ಸಭೆಯೆಂದರೆ ಕೂಡಿ ಹಾಡುವ ಸಭೆ. ಲೂಥರನ ಕಾಲದಿಂದ ಜನಸಾಮಾನ್ಯರು ಒಂದೇ ಧಾಟಿಯಲ್ಲಿ ಹಾಡುತ್ತಿದ್ದ ‘ಕೋರಲ್’ ಎಂಬ ಗೀತಪ್ರಕಾರವಿಲ್ಲದ ಆರಾಧನೆಯನ್ನು ಅವರು ಊಹಿಸಿಕೊಳ್ಳಲಾರದವರಾಗಿದ್ದರು. ಅದೇ ಮಿಷನ್ನಿನ ಬೆಂಜಮಿನ್ ಶೂಲ್ಟ್ಸೆ 1720ರ ದಶಕದಲ್ಲಿ ಮದರಾಸಿಗೆ ಬಂದು ನೆಲೆಸಿದನು. 1742ರಲ್ಲಿ ಯೊಹಾನ್ ಫಿಲಿಪ್ ಫಬ್ರೀಸಿಯಸ್ ಅವನ ಕೆಲಸವನ್ನು ಕೈಗೆತ್ತಿಕೊಂಡು ಮದರಾಸಿನ ವೇಪೇರಿಯಲ್ಲಿ ದೀರ್ಘಕಾಲ ಉಳಿದನು. 1761ರಲ್ಲಿ ಇಂಗ್ಲಿಷರು ಪುದುಚೇರಿಯನ್ನು ಗೆದ್ದಾಗ ಅಲ್ಲಿಂದ ಹೊತ್ತು ತಂದ ಮುದ್ರಣಯಂತ್ರವನ್ನು ಸರ್ಕಾರದ ಕೆಲಸವನ್ನೂ ಮಾಡಿಕೊಡಬೇಕೆಂಬ ಷರತ್ತಿನ ಮೇಲೆ ಈತನ ವಶಕ್ಕೆ ಕೊಡಲಾಯಿತು. ಫಬ್ರೀಸಿಯಸ್ ಅನುವಾದಿಸಿದ ಗೀತೆಗಳ ಸಂಗ್ರಹ 1774ರಲ್ಲಿ ಪ್ರಕಟವಾಯಿತು.

ಈ ಅನುವಾದಗಳ ತೊಡಕು ಕನ್ನಡ ಛಂದಸ್ಸನ್ನು ಬಲ್ಲವರಿಗೆ ತಟ್ಟನೆ ತಿಳಿಯುವಂಥದ್ದು. ತಮಿಳು ಪದ್ಯಕ್ಕೆ ಪ್ರತಿ ಸಾಲಿನ ಎರಡನೆಯ ಅಕ್ಷರ ಹೊಂದಿಕೊಳ್ಳುವ ‘ಎದುಗೈ’ ಎಂಬ ಪ್ರಾಸ ಮುಖ್ಯ. ಹಳಗನ್ನಡ ಕವಿಗಳು ಬಿಡದೆ ಪಾಲಿಸಿದ ಆದಿಪ್ರಾಸಕ್ಕೆ ಅದು ಹತ್ತಿರದ ನೆಂಟ. ಜರ್ಮನ್ ಕೋರಲ್ಲಿನಲ್ಲಾದರೋ ಪ್ರಾಸ ಸಾಲಿನ ಕೊನೆಗೆ ಬೀಳುತ್ತದೆ, ಪ್ರತಿಯೊಂದು ಉಚ್ಚಾರಾಂಶಕ್ಕೂ ಬಹುಮಟ್ಟಿಗೆ ಒಂದೊಂದು ಸ್ವರ ಸಲ್ಲುತ್ತದೆ, ಮತ್ತು ಒತ್ತು ಎಲ್ಲಿ ಬೀಳಬೇಕೆಂಬುದನ್ನು ಧಾಟಿಯೇ ನಿರ್ಧರಿಸುತ್ತದೆ. ಹೀಗಾಗಿ ತಮಿಳಿನ ಲಘು ಅಕ್ಷರ ನೀಳ ಸ್ವರದ ಕೆಳಗೆ ಸಿಕ್ಕಿ ಎಳೆಯಲ್ಪಡುವುದೂ ದೀರ್ಘಾಕ್ಷರ ಗಿಡ್ಡ ಸ್ವರದಲ್ಲಿ ಮುದುಡಿಕೊಳ್ಳುವುದೂ ಅನಿವಾರ್ಯವಾಯಿತು. ತಮಿಳು ವಿದ್ವಾಂಸರ ಕಿವಿಗೆ ಇದು ಹಿತವಾಗಲಿಲ್ಲವೆಂಬುದರಲ್ಲಿ ಆಶ್ಚರ್ಯವಿಲ್ಲ. ಆದರೂ ತಲೆಮಾರುಗಳು ಉರುಳಿದಂತೆ ಇವೇ ಹಾಡುಗಳು ಲುಥರನ್ ಮನೆತನಗಳ ಮದುವೆ, ಸಾವು, ಹಬ್ಬಗಳಿಗೆ ಅಂಟಿಕೊಂಡು, ಛಂದಸ್ಸಿನ ದೋಷವನ್ನು ಯಾರೂ ಎಣಿಸದಷ್ಟು ಸ್ವಂತವಾದವು. ಎರಡೂವರೆ ಶತಮಾನ ಒಂದು ಜನ ಹಾಡಿಕೊಂಡು ಬಂದದ್ದನ್ನು ಪರಕೀಯವೆನ್ನಲು ಹುಟ್ಟಿದೂರೊಂದೇ ಸಾಕ್ಷಿಯಾಗಲಾರದು.

ಕೀರ್ತನೆಯ ಕಥೆಯ ಕೇಂದ್ರದಲ್ಲಿರುವವನು ತಂಜಾವೂರಿನ ವೇದನಾಯಗಂ ಶಾಸ್ತ್ರಿಯಾರ್ (1774–1864). ತಿರುನೆಲ್ವೇಲಿಯಲ್ಲಿ ವೆಳ್ಳಾಳ ಮನೆತನದಲ್ಲಿ, ಅಂದರೆ ಭೂಮಿಯ ಒಡೆತನವಿದ್ದ ಪ್ರತಿಷ್ಠಿತ ಜಾತಿಯಲ್ಲಿ, ಹುಟ್ಟಿದ ಈತನನ್ನು ಹುಡುಗನಾಗಿದ್ದಾಗಲೇ ಮಿಷನರಿ ಕ್ರಿಶ್ಚಿಯನ್ ಫ್ರೆಡ್ರಿಕ್ ಶ್ವಾರ್ಟ್ಸ್ ತಂಜಾವೂರಿಗೆ ಕರೆತಂದು ಓದಿಸಿದನು; ಅದೇ ಶ್ವಾರ್ಟ್ಸನ ಪೋಷಣೆಯಲ್ಲಿದ್ದ ಇನ್ನೊಬ್ಬ ಶಿಷ್ಯನೇ ಮುಂದೆ ಮರಾಠ ದೊರೆಯಾದ ಎರಡನೆಯ ಸರ್ಫೋಜಿ. ಕಾವೇರಿಯ ದಡದ ತಿರುವೈಯಾರಿನಲ್ಲಿ ತ್ಯಾಗರಾಜರು ಹಾಡುತ್ತಿದ್ದ ಕಾಲ ಅದು. ತಂಜಾವೂರು ಸೀಮೆಯ ಸಂಗೀತವನ್ನೇ ಉಸಿರಾಡಿ ಬೆಳೆದ ಶಾಸ್ತ್ರಿಯಾರ್ ಕ್ರಿಸ್ತನ ಕಥೆಯನ್ನು ಆ ಸೀಮೆಯ ಪ್ರಕಾರಗಳಲ್ಲೇ ಕಟ್ಟಿದನು. ಅವುಗಳಲ್ಲಿ ಹೆಸರಾದದ್ದು ‘ಬೆತ್ಲೆಹೇಂ ಕುರವಂಜಿ’. ಯಕ್ಷಗಾನ ಬಲ್ಲ ಕನ್ನಡಿಗರಿಗೂ ಪರಿಚಿತಳಾದ, ಕೈನೋಡಿ ಕಣಿ ಹೇಳುವ ಕೊರವಂಜಿ ಇಲ್ಲಿ ವಿರಹಿಣಿಯಾದ ನಾಯಕಿಗೆ ಅವಳ ಇನಿಯನಾದ ಕ್ರಿಸ್ತನನ್ನು ಕೂಡುವ ಭವಿಷ್ಯ ನುಡಿಯುತ್ತಾಳೆ.

ಶಾಸ್ತ್ರಿಯಾರನ ಬಾಳಿನ ಉತ್ತರಾರ್ಧದಲ್ಲಿ ನಡೆದ ವಿವಾದವೇ ಈ ಚರಿತ್ರೆಯ ಅತ್ಯಂತ ಇಕ್ಕಟ್ಟಿನ, ಆದ್ದರಿಂದಲೇ ಹೆಚ್ಚು ಬೆಳಕು ಕೊಡುವ ಘಟ್ಟ. ಹಳೆಯ ಲುಥರನ್ ಸಭೆಗಳು ಆಂಗ್ಲಿಕನ್ ಸಂಸ್ಥೆಗಳ ಆಡಳಿತಕ್ಕೆ ಸೇರಿದ ಮೇಲೆ, 1820ರ ದಶಕದಲ್ಲಿ, ಹೊಸ ತಲೆಮಾರಿನ ಮಿಷನರಿಗಳು ಸುಧಾರಣೆಗೆ ಕೈಹಾಕಿದರು. ಅವರ ವಿರುದ್ಧ ತಂಜಾವೂರಿನ ವೆಳ್ಳಾಳ ಕ್ರೈಸ್ತರ ಪರವಾಗಿ ಶಾಸ್ತ್ರಿಯಾರ್ ಬರೆದ ದೂರಿನಲ್ಲಿ ನಾಲ್ಕು ಅನ್ಯಾಯಗಳ ಪ್ರಸ್ತಾಪವಿದೆ: ಫಬ್ರೀಸಿಯಸ್ಸನ ಬೈಬಲ್ ಅನುವಾದವನ್ನು ತಿದ್ದುತ್ತಿರುವುದು, ಕರ್ತನ ಭೋಜನದಲ್ಲಿ ಎಲ್ಲ ಜಾತಿಯವರನ್ನೂ ಬೆರೆಸುತ್ತಿರುವುದು, ಮದುವೆ ಮತ್ತು ಶವಸಂಸ್ಕಾರಗಳಲ್ಲಿ ಹೂವನ್ನು ತಡೆಯುತ್ತಿರುವುದು, ತಮಿಳು ಹಾಡು ಮತ್ತು ವಾದ್ಯಗಳನ್ನು ದೂರವಿಡುತ್ತಿರುವುದು. ಹೂವು, ಹಾಡು, ಜಾತಿ, ಜರ್ಮನ್ನನೊಬ್ಬನ ಅನುವಾದ ಇವಿಷ್ಟೂ ಆ ದೂರಿನಲ್ಲಿ ಒಂದೇ ಉಸಿರಿನಲ್ಲಿ ಬರುತ್ತವೆ, ಏಕೆಂದರೆ ಬರೆದವನ ಕಣ್ಣಿಗೆ ಇವೆಲ್ಲವೂ ಸೇರಿಯೇ ‘ನಮ್ಮ ವಾಡಿಕೆ’. ನೆಲದ ಸಂಗೀತದ ಪರವಾಗಿ ಎದ್ದ ಮೊದಲ ದೊಡ್ಡ ದನಿಯೂ ಜಾತಿಯ ಪಂಕ್ತಿಯ ಪರವಾಗಿ ಎದ್ದ ದನಿಯೂ ಒಂದೇ ಆಗಿತ್ತೆಂಬುದನ್ನು ಇಂದಿನ ಸಂಭ್ರಮದ ಬರಹಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಜಾತಿಯನ್ನು ಎದುರಿಸಿದ ಮಿಷನರಿಗಳು ಅದೇ ಕೈಯಿಂದ ಹಾಡನ್ನೂ ಹೂವನ್ನೂ ತಳ್ಳಿದರೆಂಬುದನ್ನು ಮಿಷನ್ ಚರಿತ್ರೆಗಳು ಹೇಳುವುದಿಲ್ಲ. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಸಭೆಗಳಲ್ಲಿ ಜಾತಿಭೇದ ಸಲ್ಲದೆಂದು ಆಜ್ಞೆ ಹೊರಡಿಸಿದಾಗ ಮದರಾಸಿನ ವೇಪೇರಿಯ ಸಭೆಯೂ ಒಡೆಯಿತು.

ಕೀರ್ತನೆಗೆ ಆರಾಧನೆಯ ಬಾಗಿಲು ತೆರೆದುಕೊಟ್ಟದ್ದು ಬೇರೊಂದು ಮಿಷನ್. ಮಧುರೆಯ ಅಮೆರಿಕನ್ ಮಿಷನ್ನಿನ ಎಡ್ವರ್ಡ್ ವೆಬ್ ಶಾಸ್ತ್ರಿಯಾರನ ಕೃತಿಗಳನ್ನೇ ಮುಖ್ಯವಾಗಿಟ್ಟುಕೊಂಡು 1853ರಲ್ಲಿ ಕ್ರೈಸ್ತ ಕೀರ್ತನೆಗಳ ಸಂಗ್ರಹವೊಂದನ್ನು ಪ್ರಕಟಿಸಿದನು. ಅಲ್ಲಿಯವರೆಗೆ ಮನೆಯಲ್ಲಿಯೂ ಬೀದಿಯ ಬೋಧನೆಯಲ್ಲಿಯೂ ಇದ್ದ ಹಾಡು ಈಗ ಭಾನುವಾರದ ಆರಾಧನೆಗೆ ಬಂತು. ಕನ್ನಡದಲ್ಲಿ ಇದಕ್ಕೆ ಸಮೀಪದ ಯತ್ನವೆಂದರೆ ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ 1862ರಲ್ಲಿ ಕ್ರಿಸ್ತಚರಿತೆಯನ್ನು ದೇಶೀಯ ಛಂದಸ್ಸಿನಲ್ಲಿ ಹೇಳಿದ ‘ಕಥಾಮಾಲೆ’. ಆದರೆ ಶಾಸ್ತ್ರಿಯಾರನಂತೆ ಆ ಸಂಗೀತದಲ್ಲೇ ಹುಟ್ಟಿ ಬೆಳೆದ ವಾಗ್ಗೇಯಕಾರನೊಬ್ಬ ಆ ಕಾಲದ ಕನ್ನಡ ಸಭೆಗೆ ಒದಗಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ ಮಿಷನ್ನಿನ ಎಚ್. ಎ. ಪೋಪ್ಲಿ ಹರಿಕಥೆಯ ಮಾದರಿಯ ‘ಕಾಲಕ್ಷೇಪ’ವನ್ನು, ಎಂದರೆ ಹಾಡು ಮತ್ತು ಕಥನಗಳನ್ನು ಹೆಣೆದ ಬೋಧನೆಯನ್ನು, ಬೆಳೆಸಿ, ಎಲ್. ಐ. ಸ್ಟೀಫನ್ ಅವರೊಡನೆ 1914ರಲ್ಲಿ ಅದಕ್ಕೊಂದು ಕೈಪಿಡಿಯನ್ನೇ ಬರೆದನು.

ಸಭೆಗೆ ಬಂದ ಕೀರ್ತನೆ ಕಛೇರಿಯ ಕೀರ್ತನೆಯಾಗಿ ಉಳಿಯಲಿಲ್ಲ. ನೂರಾರು ಜನ ಒಟ್ಟಿಗೆ ಹಾಡುವಾಗ ಗಮಕ, ಅಂದರೆ ಸ್ವರವನ್ನು ಅಲುಗಿಸಿ ಜಾರಿಸುವ ಕುಸುರಿ, ಸವೆದುಹೋಗುತ್ತದೆ. ಜೊತೆಗೆ ನುಡಿಸುವ ಆರ್ಗನ್ ಅಥವಾ ಹಾರ್ಮೋನಿಯಂನ ಮನೆಗಳು ಸ್ಥಿರವಾದವುಗಳಾದ್ದರಿಂದ ಆ ಕುಸುರಿಗೆ ಅವುಗಳಲ್ಲಿ ಎಡೆಯೇ ಇಲ್ಲ. ಇದೇ ಕಾರಣಕ್ಕೆ ಹಾರ್ಮೋನಿಯಂ ಅನ್ನು ಆಕಾಶವಾಣಿ 1940ರಿಂದ ಮೂರು ದಶಕಗಳ ಕಾಲ ಹೊರಗಿಟ್ಟಿತ್ತು. ಮದರಾಸಿನ ಸಭೆಗಳಲ್ಲಿ ಮಾತ್ರ ಅದು ಕದಲಲಿಲ್ಲ. ಪುಸ್ತಕದಲ್ಲಿ ಹಾಡಿನ ನೆತ್ತಿಯ ಮೇಲೆ ರಾಗ ತಾಳಗಳ ಹೆಸರು ಅಚ್ಚಾಗಿರುತ್ತದೆ, ಬಾಯಿಂದ ಬಾಯಿಗೆ ಬಂದ ಧಾಟಿ ಎಷ್ಟೋ ಸಲ ಅದನ್ನು ಬಿಟ್ಟು ಬಹುದೂರ ಸಾಗಿರುತ್ತದೆ. ಸಂಗೀತಶಾಸ್ತ್ರದ ಅಳತೆಯಲ್ಲಿ ಇದು ನಷ್ಟ. ಆದರೆ ಎಲ್ಲರೂ ಮತ್ತೆಮತ್ತೆ ಎತ್ತಿಕೊಳ್ಳುವ ಪಲ್ಲವಿಯಾಗಿ ಕೀರ್ತನೆ ಸಭೆಯದಾದದ್ದು ಈ ಸವೆತದಿಂದಲೇ. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ದಕ್ಷಿಣ ಭಾರತ ಐಕ್ಯ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ ಉದ್ಘಾಟನೆಯಾದಾಗ ಬೇರೆಬೇರೆ ಗೀತಪರಂಪರೆಗಳೂ ಒಂದೇ ಮಾಡಿನಡಿ ಬಂದವು. 1893ರಷ್ಟು ಹಳೆಯದಾದ ಮದ್ರಾಸ್ ಮ್ಯೂಸಿಕಲ್ ಅಸೋಸಿಯೇಷನ್ನಿನ ಇಂಗ್ಲಿಷ್ ಕೊಯರ್ ಪರಂಪರೆ ಇವೆಲ್ಲದರ ಪಕ್ಕದಲ್ಲಿ ತನ್ನ ಪಾಡಿಗೆ ತಾನು ಮುಂದುವರಿದಿತ್ತು.

ಆದರೆ ತಮಿಳು ಕ್ರೈಸ್ತರಲ್ಲಿ ಬಹುಸಂಖ್ಯಾತರು ವೆಳ್ಳಾಳರಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, 1876–78ರ ಭೀಕರ ಬರದ ಆಸುಪಾಸಿನಲ್ಲಿ ವಿಶೇಷವಾಗಿ, ಊರಿಗೆ ಊರೇ ಎಂಬಂತೆ ಕ್ರೈಸ್ತರಾದ ದಲಿತರ ಮತ್ತು ಇತರ ಕೆಳಜಾತಿಗಳ ಸಂತತಿಯೇ ಹಲವು ಸಭೆಗಳ ಮೈ. ಸಂಸ್ಕೃತ ಬೆರೆತ ಪ್ರೌಢ ತಮಿಳಿನ ಕೀರ್ತನೆ ಈ ಜನರ ಹಾಡಾಗಿರಲಿಲ್ಲ; ಅದನ್ನು ಕಲಿಯುವುದು ಅವರಲ್ಲಿ ಅನೇಕರಿಗೆ ಓದು ಮತ್ತು ಮರ್ಯಾದೆಯ ಮೆಟ್ಟಿಲಾಗಿತ್ತು. ಅವರ ಪೂರ್ವಿಕರ ವಾದ್ಯ ಕನ್ನಡನಾಡಿನ ತಮಟೆಯನ್ನು ಹೋಲುವ ಪರೈ. ಸಾವಿನ ಮನೆಯ ಮುಂದೆ ಕಡ್ಡಾಯವಾಗಿ ಬಾರಿಸಬೇಕಾಗಿದ್ದ ಆ ವಾದ್ಯ ಅಸ್ಪೃಶ್ಯತೆಯ ಗುರುತಾಗಿ ಅಂಟಿಕೊಂಡಿದ್ದರಿಂದ ದಲಿತ ಕ್ರೈಸ್ತರಲ್ಲೇ ಅನೇಕರಿಗೆ ಅದು ಆರಾಧನೆಯೊಳಗೆ ಬರುವುದು ಬೇಡವಾಗಿತ್ತು.

ಈ ಕಗ್ಗಂಟಿಗೆ ಕೈಹಾಕಿದವರು ಮಧುರೆಯ ತಮಿಳುನಾಡು ದೇವಶಾಸ್ತ್ರ ಕಾಲೇಜಿನ ಅಧ್ಯಾಪಕ ಜೆ. ತಿಯೋಫಿಲಸ್ ಅಪ್ಪಾವು (1940–2005). ‘ಪರಟ್ಟೈ’ ಎಂಬ ಅಡ್ಡಹೆಸರಿನಿಂದ ಪರಿಚಿತರಾಗಿದ್ದ ಅವರು ಕರ್ನಾಟಕ ಸಂಗೀತವೂ ಪಾಶ್ಚಾತ್ಯ ಸಂಗೀತವೂ ಸಭೆಯೊಳಗೆ ಮೇಲ್ಜಾತಿ ಮತ್ತು ಮೇಲ್ವರ್ಗದ ಮೌಲ್ಯಗಳನ್ನು ಹೊತ್ತು ತಂದಿವೆಯೆಂದು ವಾದಿಸಿ, ಹಳ್ಳಿಯ ಧಾಟಿ, ಹಳ್ಳಿಯ ಆಡುನುಡಿ ಮತ್ತು ಪರೈ ವಾದ್ಯಗಳಲ್ಲಿ ಇಡೀ ಆರಾಧನಾಕ್ರಮವನ್ನೇ ರಚಿಸಿದರು. ದೇವರನ್ನು ಅವರು ಕರೆದದ್ದು ತಾಯಿಗೂ ತಂದೆಗೂ ಸಲ್ಲುವ ‘ಪೆತ್ತವರೇ’, ಅಂದರೆ ಹೆತ್ತವರೇ, ಎಂದು. ಕರ್ತನ ಭೋಜನವನ್ನು ಅವರು ಕಂಡದ್ದು ಒಂದೇ ಒಲೆಯಲ್ಲಿ ಬೇಯಿಸಿ ಎಲ್ಲರೂ ಹಂಚಿ ಉಣ್ಣುವ ಊಟವಾಗಿ. ಶಾಸ್ತ್ರಿಯಾರನ ದೂರಿನಲ್ಲಿ ಹಾಡಿನ ಪಕ್ಕದಲ್ಲೇ ಪ್ರತ್ಯೇಕ ಪಂಕ್ತಿಯ ಬೇಡಿಕೆಯಿತ್ತು. ಅಪ್ಪಾವು ಅವರಲ್ಲಿ ಹಾಡಿನ ಪಕ್ಕದಲ್ಲಿ ಬಂದದ್ದು ಸಹಪಂಕ್ತಿ. ಜನಪದ ಹಾಡಿಗೆ ಒಡೆಯನಿಲ್ಲ, ಹಾಡುವವರು ತಮ್ಮ ಬಾಳಿಗೆ ತಕ್ಕಂತೆ ಅದನ್ನು ಬದಲಿಸಿಕೊಳ್ಳಬಹುದು ಎಂಬ ಅವರ ನಿಲುವು ಸ್ವಂತಿಕೆಯ ಪ್ರಶ್ನೆಗೆ ಈ ಚರಿತ್ರೆಯಲ್ಲಿ ದೊರೆಯುವ ಅತ್ಯಂತ ಧೈರ್ಯದ ಉತ್ತರ. ನಗರದಲ್ಲಿ ನೆಲೆನಿಂತು ಹಳ್ಳಿಯನ್ನು ಮರೆಯಬಯಸುವವರಿಗೆ ಹಳ್ಳಿಯ ಧಾಟಿ ಎಷ್ಟರಮಟ್ಟಿಗೆ ಸ್ವಂತ ಎಂಬ ಪ್ರಶ್ನೆ ಅದರಿಂದ ಪೂರ್ತಿ ಬಗೆಹರಿಯಿತೆನ್ನುವಂತಿಲ್ಲ.

ಕೀರ್ತನೆಯ ಒಡೆತನದ ತಕರಾರು 2018ರ ಆಗಸ್ಟ್ ತಿಂಗಳಲ್ಲಿ ಹೊರಗಿನಿಂದಲೂ ಬಂತು. ಗಾಯಕ ಓ. ಎಸ್. ಅರುಣ್ ಚೆನ್ನೈನಲ್ಲಿ ನಡೆಸಬೇಕಾಗಿದ್ದ ಕ್ರೈಸ್ತ ಗೀತೆಗಳ ಕಛೇರಿ ವಿರೋಧಕ್ಕೆ ಸಿಲುಕಿ ರದ್ದಾಯಿತು. ಅಂಥ ಹಾಡುಗಳನ್ನು ಹಿಂದೆ ಹಾಡಿದ್ದ ನಿತ್ಯಶ್ರೀ ಮಹಾದೇವನ್ ಮೊದಲಾದವರೂ ಟೀಕೆಗೆ ಗುರಿಯಾದರು. ಇದಕ್ಕೆ ಉತ್ತರವಾಗಿ ಗಾಯಕ ಟಿ. ಎಂ. ಕೃಷ್ಣ ತಿಂಗಳಿಗೊಂದರಂತೆ ಯೇಸುವಿನ ಅಥವಾ ಅಲ್ಲಾಹನ ಮೇಲಿನ ಕರ್ನಾಟಕ ಸಂಗೀತದ ಹಾಡನ್ನು ಹೊರತರುವುದಾಗಿ ಘೋಷಿಸಿದರು. ಈ ಸಂಗೀತ ಒಂದೇ ಧರ್ಮದ ಸೊತ್ತೆಂದು ವಾದಿಸಿದವರು ತಂಜಾವೂರಿನ ಶಾಸ್ತ್ರಿಯಾರನನ್ನಷ್ಟೇ ಅಲ್ಲ, 1917ರಲ್ಲಿ ‘ಕರುಣಾಮೃತ ಸಾಗರಂ’ ಎಂಬ ಬೃಹತ್ ಸಂಗೀತಶಾಸ್ತ್ರ ಗ್ರಂಥವನ್ನು ಪ್ರಕಟಿಸಿದ ಕ್ರೈಸ್ತ ವಿದ್ವಾಂಸ ಅಬ್ರಹಾಂ ಪಂಡಿತರನ್ನೂ ಮರೆತಿದ್ದರು. ಆದರೆ ಆ ಗದ್ದಲದಲ್ಲಿ ಚರ್ಚೆಯಾದದ್ದು ವೇದಿಕೆಯ ಕೀರ್ತನೆ. ಸಭೆಯ ಹಾಡು ಅಷ್ಟರಲ್ಲಾಗಲೇ ಬೇರೆ ದಾರಿ ಹಿಡಿದಿತ್ತು.

ಆ ದಾರಿಯನ್ನು ತೆರೆದವರು ಪೆಂತೆಕೊಸ್ತ್ ಪಂಗಡದವರು, ಅಂದರೆ ಪವಿತ್ರಾತ್ಮನ ನೇರ ಅನುಭವಕ್ಕೆ ಒತ್ತು ಕೊಡುವ ಸಭೆಗಳವರು. ಚೆನ್ನೈನ ಸಾರಾ ನವರೋಜಿ ತಾವೇ ರಚಿಸಿ ತಾವೇ ಹಾಡಿದ ಗೀತೆಗಳು, ‘ಜೀಸಸ್ ಕಾಲ್ಸ್’ ಸಂಸ್ಥೆಯ ಡಿ. ಜಿ. ಎಸ್. ದಿನಕರನ್ ಕೂಟಗಳಲ್ಲಿ ಹಾಡುತ್ತಿದ್ದ ಹಾಡುಗಳು, ಕ್ಯಾಥೊಲಿಕ್ ಪಾದ್ರಿಯಾಗಿದ್ದು ಹೊರಬಂದ ಎಸ್. ಜೆ. ಬರ್ಕ್‌ಮನ್ಸ್ ಅವರ ‘ಜೆಬತ್ತೋಟ್ಟ ಜೆಯಗೀತಂಗಳ್’ ಮಾಲಿಕೆ ಕ್ಯಾಸೆಟ್ಟುಗಳ ಕಾಲದಲ್ಲಿ ಪಂಗಡದ ಗೋಡೆಗಳನ್ನು ದಾಟಿ ಹಬ್ಬಿದವು. ಚಿಕ್ಕ ಸಾಲು, ಸರಳ ನುಡಿ, ಮರುಕಳಿಸುವ ಪಲ್ಲವಿ, ಸಿನಿಮಾ ಹಾಡಿಗೆ ಹತ್ತಿರದ ಲಯ ಮತ್ತು ಕೀಬೋರ್ಡು ಇವುಗಳ ಗುರುತು. ಇವನ್ನು ಹಗುರವೆಂದು ಜರೆಯುವ ಹಿರಿಯ ಸಭೆಗಳ ವಿಮರ್ಶೆಯಲ್ಲಿ ಸತ್ಯವಿದ್ದರೂ, ಪುಸ್ತಕವಿಲ್ಲದೆ, ಓದು ಬಾರದವರೂ ಮೊದಲ ದಿನವೇ ದನಿಗೂಡಿಸಬಲ್ಲ ಇವುಗಳಂಥ ಹಾಡು ಬೇರೊಂದಿರಲಿಲ್ಲ. ಧ್ವನಿವರ್ಧಕದ ಅಬ್ಬರ ಹೆಚ್ಚಿದ ದೊಡ್ಡ ಸಭೆಗಳಲ್ಲಿ ಆ ದನಿಗಳು ವೇದಿಕೆಯ ತಂಡದ ದನಿಯಡಿ ಹೂತುಹೋಗುತ್ತಿರುವುದು ಈಚಿನ ಬೆಳವಣಿಗೆ. ಇದರ ನಡುವೆ ಈ ತಮಿಳು ಹಾಡುಗಳಲ್ಲಿ ಹಲವು ಧಾಟಿ ಬದಲಾಗದೆ ಕನ್ನಡದ ಮಾತುಗಳನ್ನು ತೊಟ್ಟು ಕನ್ನಡ ಸಭೆಗಳಿಗೂ ಬಂದಿವೆ. ಫಬ್ರೀಸಿಯಸ್ಸನ ತಮಿಳು ಎದುರಿಸಿದ ಗುರು ಲಘುಗಳ ಎಳೆದಾಟವನ್ನು ಈಗ ಕನ್ನಡ ಎದುರಿಸುತ್ತಿದೆ, ಜನ ಅದನ್ನು ಲೆಕ್ಕಿಸದೆ ಹಾಡುತ್ತಿದ್ದಾರೆ.