ಮಂಗನ ಕಾಯಿಲೆ: ಒಂದು ಹಳೆಯ ಪಾಠದ ತಿದ್ದುಪಡಿ

ಸುಮಾರು ನಲವತ್ತು ವರ್ಷಗಳ ಹಿಂದೆ ಸೊರಬ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಬೋಧಿಸುತ್ತಿದ್ದೆ. ಅಲ್ಲಿ ನನ್ನ ಪಾಠ ಕೇಳಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಅವರಿಗೆ ನಾನು ಕಪ್ಪುಹಲಗೆಯ ಮೇಲೆ ಬರೆಸುತ್ತಿದ್ದ ವಾಕ್ಯವೊಂದು ನೆನಪಿರಬಹುದು: 'ಮಂಗನ ಕಾಯಿಲೆಯು ಮಂಗಗಳಿಂದ ಮನುಷ್ಯರಿಗೆ ಹರಡುತ್ತದೆ.' ಪರೀಕ್ಷೆಯಲ್ಲಿ ಅದಕ್ಕೆ ಒಂದು ಅಂಕವನ್ನೂ ಕೊಟ್ಟಿದ್ದೇನೆ. ಆ ವಾಕ್ಯವನ್ನು ಈಗ ಹಿಂತೆಗೆದುಕೊಳ್ಳಬೇಕಾಗಿದೆ.

ಒಂದು ಜನವರಿಯಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ಎರಡು ವಾರ ಶಾಲೆಗೆ ಬರಲಿಲ್ಲ. ಅಡಿಕೆ ಕೆಲಸಕ್ಕೆ ನಿಂತಿರಬೇಕೆಂದು ಭಾವಿಸಿ, ಗದರಿಸುವ ಉದ್ದೇಶದಿಂದಲೇ ಅವನ ಮನೆಗೆ ಹೋದೆ. ಹುಡುಗ ಜಗುಲಿಯಲ್ಲಿ ಮಲಗಿದ್ದ. ಕಣ್ಣು ಕೆಂಡದಂತೆ ಕೆಂಪಾಗಿತ್ತು, ಮೈಕೈ ನೋವಿನಿಂದ ಮಗ್ಗುಲು ಬದಲಿಸಲೂ ಆಗುತ್ತಿರಲಿಲ್ಲ. ಅವನ ತಂದೆ ಕೇಳಿದರು: "ಮೇಷ್ಟ್ರೇ, ನಮ್ ಹುಡುಗ ಮಂಗನ್ನ ಮುಟ್ಟೇ ಇಲ್ಲ. ಅವನಿಗೆ ಹೆಂಗೆ ಬಂತು ಇದು?" ತೋಟಕ್ಕೆ ಮಂಗಗಳು ಬರುತ್ತವಲ್ಲ ಎಂದು ಏನೋ ಹೇಳಿ ಎದ್ದು ಬಂದೆ. ಹುಡುಗ ಉಳಿದುಕೊಂಡ, ಚೇತರಿಸಿಕೊಳ್ಳಲು ಮಾತ್ರ ತಿಂಗಳುಗಳೇ ಹಿಡಿದವು. ಆ ಬೇಸಿಗೆಯಲ್ಲಿ ಶಾಲೆಯ ಹುಡುಗರು ಮಂಗಗಳನ್ನು ಕಂಡಲ್ಲಿ ಕಲ್ಲು ಹೊಡೆಯುತ್ತಿದ್ದರು. ನಾನು ತಡೆಯಲಿಲ್ಲ.

ತಂದೆಯ ಪ್ರಶ್ನೆಗೆ ಉತ್ತರ ಆಗಲೇ ಮುದ್ರಣದಲ್ಲಿತ್ತು. ಅದನ್ನು ಓದಿರಲಿಲ್ಲವೆಂಬುದು ನನ್ನ ತಪ್ಪು.

1957ರ ಬೇಸಿಗೆಯಲ್ಲಿ ಅದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನರೂ ಜ್ವರದಿಂದ ಮಲಗಿದರು. ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರವನ್ನು ಮುಟ್ಟಿದಾಗ ಅಲ್ಲಿ ಹುಟ್ಟಿದ ಮೊದಲ ಭಯ ಹಳದಿ ಜ್ವರದ್ದು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕಗಳ ಆ ಜ್ವರ ಏಷ್ಯಾಕ್ಕೆ ಎಂದೂ ಕಾಲಿಟ್ಟಿರಲಿಲ್ಲ; ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಅದು ಬಂದಾಗ ಮೊದಲು ಸಾಯುವುದು ಮಂಗಗಳೇ. ಟೆಲ್ಫೋರ್ಡ್ ವರ್ಕ್ ಮತ್ತು ಅವರ ಸಹೋದ್ಯೋಗಿಗಳು ಸತ್ತ ಮಂಗಗಳಿಂದ ವೈರಸನ್ನು ಬೇರ್ಪಡಿಸಿ ನೋಡಿದರೆ, ಅದು ರಷ್ಯಾದ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ಮಿದುಳು ಜ್ವರದ ವೈರಸ್ಸಿನ ಹತ್ತಿರದ ಸಂಬಂಧಿಯಾಗಿತ್ತು. ಹಾಗಾದರೆ ಸೈಬೀರಿಯದಿಂದ ಚಳಿಗಾಲಕ್ಕೆ ಬರುವ ಹಕ್ಕಿಗಳು ಇದನ್ನು ಹೊತ್ತು ತಂದವೇ? ಈ ಸಂಶಯದಿಂದಾಗಿ ಸಲೀಂ ಅಲಿಯವರ ವಲಸೆ ಹಕ್ಕಿಗಳಿಗೆ ಉಂಗುರ ತೊಡಿಸುವ ಕಾರ್ಯಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ನೆರವು ದೊರಕಿತು. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ಪಕ್ಷಿಶಾಸ್ತ್ರಕ್ಕೆ ಮಾತ್ರ ಲಾಭವಾಯಿತು.

ವೈರಸ್ಸಿನ ನಿಜವಾದ ವಾಸ ಕಾಡಿನ ನೆಲದಲ್ಲಿ. ಇಲಿ, ಮೂಗಿಲಿ, ಅಳಿಲುಗಳಂಥ ಸಣ್ಣ ಪ್ರಾಣಿಗಳು ಮತ್ತು ಅವುಗಳ ರಕ್ತ ಹೀರುವ ಉಣ್ಣೆಗಳ ನಡುವೆ ಅದು ಸದ್ದಿಲ್ಲದೆ ಸುತ್ತುತ್ತಿರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ತರಗೆಲೆಗಳ ನಡುವೆ ಉಣ್ಣೆಯ ಮರಿಗಳು ಹೊರಬರುತ್ತವೆ. ಮೊದಲ ಊಟದಲ್ಲಿ ಒಳಗೆ ಸೇರಿದ ವೈರಸ್ ಪೊರೆ ಕಳಚಿದ ಮೇಲೂ ಉಳಿಯುತ್ತದೆ. ಮುಂದಿನ ಹಂತದ ಮರಿಯೇ ಮನುಷ್ಯನನ್ನು ಕಚ್ಚುವಂಥದು. ಅದು ಎಷ್ಟು ಸಣ್ಣದೆಂದರೆ ಕಚ್ಚಿದ್ದೂ ಗೊತ್ತಾಗುವುದಿಲ್ಲ. ಡಿಸೆಂಬರಿನಿಂದ ಮೇ ತನಕ ಅದರ ಕಾಲ. ಮಲೆನಾಡಿನವರು ಸೌದೆಗೆ, ಸೊಪ್ಪಿಗೆ, ದರಕಿಗೆ ಕಾಡಿಗೆ ಹೋಗುವ ಕಾಲವೂ ಅದೇ. ಮಂಗವೂ ನಮ್ಮಂತೆಯೇ ಕಚ್ಚಿಸಿಕೊಂಡು ಸಾಯುವ ಜೀವಿ. ಸತ್ತ ಮೇಲೆ ಅದರ ಮೈಮೇಲಿನ ಉಣ್ಣೆಗಳು ಉದುರಿ ಆ ಜಾಗ ಅಪಾಯಕಾರಿಯಾಗುತ್ತದೆ ನಿಜ. ಆದರೆ ರೋಗದ ಮೂಲ ಅದಲ್ಲ. ಮನುಷ್ಯನಿಂದ ಮನುಷ್ಯನಿಗೆ ಈ ಕಾಯಿಲೆ ದಾಟುವುದಿಲ್ಲ.

ಕಾಡಿನಲ್ಲಿ ತನ್ನ ಪಾಡಿಗೆ ತಾನಿದ್ದ ವೈರಸ್ 1957ರಲ್ಲಿ ಏಕೆ ಊರಿಗೆ ಬಂತು? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಕೊಲಂಬಿಯಾ ದೇಶದ ವಿಜ್ಞಾನಿ ಹೋರ್ಹೆ ಬೊಶೆಲ್. 1969ರ ಲೇಖನದಲ್ಲಿ ಅವರು ಬೆರಳು ತೋರಿಸಿದ್ದು ದನಗಳ ಕಡೆಗೆ. ಜನಸಂಖ್ಯೆ ಬೆಳೆದಂತೆ ಕಾಡು ಕಡಿದು ಗದ್ದೆಯಾಯಿತು, ಕಡಿದ ಅಂಚಿನಲ್ಲಿ ಲಂಟಾನ ಪೊದೆಗಳು ಹಬ್ಬಿದವು, ಆ ಅಂಚಿನಲ್ಲೇ ದನಗಳು ಮೇಯತೊಡಗಿದವು. ದನದ ರಕ್ತದಲ್ಲಿ ವೈರಸ್ ಹರಡುವಷ್ಟು ಬೆಳೆಯುವುದಿಲ್ಲ. ಆದರೆ ಬಲಿತ ಉಣ್ಣೆಗೆ ಬೇಕಾದುದು ದೊಡ್ಡ ಪ್ರಾಣಿ. ಒಂದೊಂದು ಹೆಣ್ಣು ಉಣ್ಣೆಯೂ ದನದ ರಕ್ತ ಕುಡಿದು ನೆಲಕ್ಕೆ ಬಿದ್ದು ಸಾವಿರಾರು ಮೊಟ್ಟೆ ಇಡುತ್ತದೆ. ಕಾಡೆಮ್ಮೆ, ಜಿಂಕೆಗಳು ಅಲ್ಲೊಂದು ಇಲ್ಲೊಂದು ಸಾಕುತ್ತಿದ್ದ ಉಣ್ಣೆಯ ಸಂಸಾರವನ್ನು ನಮ್ಮ ಕೊಟ್ಟಿಗೆಯ ದನಗಳು ಹಿಂಡುಹಿಂಡಾಗಿ ಸಾಕಿದವು.

ಇದನ್ನು ಓದಿದಾಗ ನನಗೆ ಒಪ್ಪಲು ಕಷ್ಟವಾಯಿತು. ದನ ಕಟ್ಟಿಕೊಂಡು ಸೊಪ್ಪಿನ ಬೆಟ್ಟವನ್ನು ನಂಬಿ ಬದುಕಿದವರ ಮನೆಯಲ್ಲಿ ಹುಟ್ಟಿದವನು ನಾನು. ಆದರೆ ಬೆಳ್ತಂಗಡಿಯ ಸಂಗತಿ ತಿಳಿದ ಮೇಲೆ ವಾದಿಸಲು ಉಳಿಯಲಿಲ್ಲ. ಅಲ್ಲಿ ಗೇರು ತೋಟಕ್ಕಾಗಿ ಕಾಡನ್ನು ಬೋಳಿಸಿದ ಬೆನ್ನಲ್ಲೇ, 1982ರ ಕೊನೆಯಿಂದ ಮುಂದಿನ ಮಳೆಗಾಲದೊಳಗೆ, ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ನೂರಕ್ಕೂ ಹೆಚ್ಚು ಜನ ಸತ್ತರು. ಕೊಡಲಿ ಹಿಡಿದು ಬಂದವರು ಹಳ್ಳಿಯ ಬಡ ಕೂಲಿಗಳು. ತೋಟದ ಯೋಜನೆ ಅವರದಾಗಿರಲಿಲ್ಲ.

2012ರಲ್ಲಿ ಬಂಡೀಪುರದಲ್ಲಿ, ಆಮೇಲೆ ಕೇರಳ, ಗೋವಾ, ಮಹಾರಾಷ್ಟ್ರಗಳಲ್ಲಿ, 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಕಾಯಿಲೆ ಕಾಣಿಸಿತು. ದಶಕಗಳ ಕಾಲ ಕೊಟ್ಟ ಲಸಿಕೆ ಸಾಕಷ್ಟು ರಕ್ಷಣೆ ನೀಡುತ್ತಿಲ್ಲವೆಂದು 2022ರಲ್ಲಿ ನಿಂತಿತು.

ಆ ಹುಡುಗನ ಮನೆಗೆ ಮತ್ತೆ ಬರುತ್ತೇನೆ. ದಿನವೂ ಬೆಳಿಗ್ಗೆ ಶಾಲೆಗೆ ಮುಂಚೆ ಒಂದು ಕಲ್ಲಿ ದರಕು ಗುಡಿಸಿ ತಂದು ಕೊಟ್ಟಿಗೆಗೆ ಹಾಕುವುದು ಅವನ ಕೆಲಸವಾಗಿತ್ತು. ನಾನು ಹೋದ ದಿನವೂ ಅಂಗಳದಲ್ಲಿ ದರಕಿನ ರಾಶಿಯಿತ್ತು. ಅದರ ಪಕ್ಕದಲ್ಲೇ ಮಣೆ ಹಾಕಿ ನನ್ನನ್ನು ಕೂರಿಸಿದ್ದರು. ತಂದೆ ಈಗಿಲ್ಲ. ಮಗನಿಗೆ ಕಳೆದ ತಿಂಗಳು ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಪೂರ್ತಿ ಕೇಳಿ, "ದರಕು ಈಗಲೂ ತರ್ತೀವಿ ಸಾರ್, ಗೊಬ್ಬರಕ್ಕೆ ಬೇಕಲ್ಲ" ಎಂದ. ಉಣ್ಣೆಗೆ ಹಚ್ಚಿಕೊಳ್ಳುವ ಎಣ್ಣೆ ಆರೋಗ್ಯ ಕೇಂದ್ರದಲ್ಲಿ ಸಿಗುತ್ತದೆಯೇ ಎಂದು ಕೇಳಿದೆ. ವಿಚಾರಿಸಿ ಹೇಳುತ್ತೇನೆಂದಿದ್ದಾನೆ.